ಅಮೆರಿಕದ ಕ್ಯಾಥೊಲಿಕರು ಮತ್ತು ರಾಜಕೀಯ: ಯಾವ ಮೂಲವನ್ನು ನೆಚ್ಚಬೇಕು?

ಅಮೆರಿಕದ ಸಾರ್ವಜನಿಕ ಬದುಕಿನಲ್ಲಿ ಕ್ಯಾಥೊಲಿಕರ ಪಾತ್ರವನ್ನು ಕುರಿತು ಓದಹೊರಟವರು ಮೊದಲು ಎಡವುವುದು ಎರಡು ಪತ್ರಿಕೆಗಳ ಹೆಸರಿನಲ್ಲಿ. ನ್ಯಾಷನಲ್ ಕ್ಯಾಥೊಲಿಕ್ ರಿಪೋರ್ಟರ್ ಮತ್ತು ನ್ಯಾಷನಲ್ ಕ್ಯಾಥೊಲಿಕ್ ರಿಜಿಸ್ಟರ್ ಎರಡಕ್ಕೂ ‘ಎನ್‌ಸಿಆರ್’ ಎಂಬ ಹ್ರಸ್ವರೂಪ ಒಪ್ಪುತ್ತದೆ. ನಿಲುವು ಮಾತ್ರ ಉತ್ತರ ದಕ್ಷಿಣ. 1964ರಲ್ಲಿ ಕಾನ್ಸಾಸ್ ಸಿಟಿಯಲ್ಲಿ ಆರಂಭವಾದ ರಿಪೋರ್ಟರ್ ಉದಾರವಾದಿ ಒಲವಿನದು. 1968ರಲ್ಲಿ ಅಲ್ಲಿನ ಬಿಷಪರೇ ಅದನ್ನು ಖಂಡಿಸಿ, ಹೆಸರಿನಿಂದ ‘ಕ್ಯಾಥೊಲಿಕ್’ ಪದವನ್ನು ಕೈಬಿಡುವಂತೆ ಕೇಳಿದ್ದರು. 2011ರಿಂದ ಇಡಬ್ಲ್ಯುಟಿಎನ್ ಎಂಬ ಕ್ಯಾಥೊಲಿಕ್ ಟಿವಿ ಜಾಲದ ಒಡೆತನದಲ್ಲಿರುವ ರಿಜಿಸ್ಟರ್ ಸಂಪ್ರದಾಯದ ಪರ.

ವಿವಾದದ ಸುದ್ದಿಯಾದರೆ ಎರಡನ್ನೂ ಓದಿ, ಬಳಿಕ ಮೂಲ ದಾಖಲೆಗೆ ಹೋಗುವುದೇ ಲೇಸು. ಚರ್ಚ್ ವಿರೋಧಿಸುವ ಗರ್ಭಪಾತದ ಹಕ್ಕನ್ನು ಬೆಂಬಲಿಸುತ್ತಿದ್ದ, ಕ್ಯಾಥೊಲಿಕರೇ ಆದ ಅಂದಿನ ಅಧ್ಯಕ್ಷ ಜೋ ಬೈಡನ್ ಅವರಿಗೆ ಪರಮಪ್ರಸಾದ (ಪೂಜೆಯಲ್ಲಿ ನೀಡುವ ಪವಿತ್ರ ರೊಟ್ಟಿ) ಕೊಡಬಹುದೇ ಎಂಬ ಚರ್ಚೆ 2021ರಲ್ಲಿ ತಿಂಗಳುಗಟ್ಟಲೆ ನಡೆದಿತ್ತು. ಆದರೆ ನವೆಂಬರ್‌ನಲ್ಲಿ ಬಾಲ್ಟಿಮೋರ್‌ನಲ್ಲಿ ಬಿಷಪರು 222–8 ಮತಗಳಿಂದ ಅಂಗೀಕರಿಸಿದ, ಪರಮಪ್ರಸಾದವನ್ನು ಕುರಿತ ದಾಖಲೆಯಲ್ಲಿ ಬೈಡನ್ ಹೆಸರೇ ಇಲ್ಲ. ಅಮೆರಿಕದ ಬಿಷಪರ ಸಂಘಟನೆಯಾದ ‘ಬಿಷಪರ ಸಮ್ಮೇಳನ’ದ ಜಾಲತಾಣ ನಿಲುವಿನ ನಿಖರ ಮಾತುಗಳಿಗೆ ಸಾಕು, ಒಳಗಿನ ಭಿನ್ನಮತಕ್ಕೆ ಸಾಲದು.

ಅಂಕಿಗಳ ಮಾತು ಬೇರೆ. ಪ್ಯೂ ಸಂಶೋಧನಾ ಕೇಂದ್ರವು ತಾವು ಕ್ಯಾಥೊಲಿಕರು ಎಂದು ಹೇಳಿಕೊಂಡವರನ್ನು ಲೆಕ್ಕ ಹಾಕುತ್ತದೆ. 2023–24ರ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಅವರ ಪಾಲು ಶೇ 19. ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ‘ಕಾರಾ’ ಎಂಬ ಸಂಶೋಧನಾ ಕೇಂದ್ರವು ಧರ್ಮಕೇಂದ್ರಗಳು, ಪಾದ್ರಿಗಳು, ಪೂಜೆಯ ಹಾಜರಾತಿಯ ವಿಷಯದಲ್ಲಿ ಹೆಚ್ಚು ಆಳಕ್ಕಿಳಿಯುತ್ತದೆ. ಮತದಾನದ ಒಲವು ಬೇಕಿದ್ದವರು ಪ್ಯೂವನ್ನೇ ಆರಿಸಿಕೊಳ್ಳಲಿ: ಬಿಳಿಯ ಮತ್ತು ಹಿಸ್ಪಾನಿಕ್ ಕ್ಯಾಥೊಲಿಕರನ್ನು ಅದು ಪ್ರತ್ಯೇಕವಾಗಿ ತೋರಿಸುತ್ತದೆ, ಆಗ ‘ಕ್ಯಾಥೊಲಿಕ್ ಮತ’ ಎಂಬ ಒಂದೇ ಗಂಟು ಅಲ್ಲೇ ಬಿಚ್ಚಿಕೊಳ್ಳುತ್ತದೆ.