ಪುರಂದರ ಗಡದಾಗ ಇಂಗ್ಲೆಂಡ್ ರಾಜನ ಮಗ: ಪುಣೆ ಡೇ ಟೂರ್ ರಿವ್ಯೂ

ಮೊದ್ಲ ಹೇಳಿಬಿಡ್ತೀನಿ, 5ಕ್ಕ 4 ಸ್ಟಾರ್ ಕೊಟ್ಟೀನಿ. ಕಡಿಮಿ ಆದ ಒಂದ ಸ್ಟಾರ್ ಪೂರಾ ಬಸ್ಸಿನ ಲೆಕ್ಕಕ್ಕ ಮತ್ತ ಜಾಹೀರಾತಿನ ಲೆಕ್ಕಕ್ಕ, ಕಥಿ ಹೇಳಿದ್ದಕ್ಕ ಏನೂ ಕಟ್ ಮಾಡಿಲ್ಲ. ಜಾಹೀರಾತಿನ್ಯಾಗ ಗುಲಾಬಿ ಹೂವಿನ ಬಾರ್ಡರ್ ಹಾಕಿ ಯುವರಾಜ ಮತ್ತು ಐರಿಶ್ ನಟಿಯ ಅಮರ ಪ್ರೇಮಕಥೆ, ಪುರಂದರ ಕೋಟೆಯಲ್ಲಿ ಅಂತ ಬರದಾರ, ಅದನ್ನ ನಂಬಿ ಬಂದ ಒಂದ ಹೊಸಾ ಜೋಡಿ ಮಧ್ಯಾಹ್ನದ ತನಕ ಮಾರಿ ಸಣ್ಣ ಮಾಡ್ಕೊಂಡ ಕುಂತಿತ್ತು, ಯಾಕಂದ್ರ ಈ ಗಡಕ್ಕ ರಾಜಾನೂ ಬಂದಿಲ್ಲ, ನಟೀನೂ ಬಂದಿಲ್ಲ. ಬಂದಾವ ಅವರ ಮಗ. ಬಂದು ಇಲ್ಲೇ ಸತ್ತ.

ಪುಣೆದಾಗ ಇಷ್ಟ ವರ್ಷದಿಂದ ಅದೀವಿ, ಪುರಂದರ ಅಂದ್ರ ನಮಗ ಗೊತ್ತಿದ್ದದ್ದು ಸಂಭಾಜಿ ಮಹಾರಾಜ್ರು 1657ರಾಗ ಹುಟ್ಟಿದ ಜಾಗ, 1665ರಾಗ ಮುರಾರಬಾಜಿ ಲಡಾಯಿ ಮಾಡಿ ಬಿದ್ದ ಜಾಗ, ಆಮ್ಯಾಲೆ ಮೊಗಲರ ಸೇನಾಪತಿ ಜೈಸಿಂಗನ ಜೋಡಿ ಒಪ್ಪಂದ ಆಗಿ ಶಿವಾಜಿ ಮಹಾರಾಜ್ರು 23 ಗಡ ಬಿಟ್ಟುಕೊಟ್ಟದ್ದು, ಇಷ್ಟ. ಮಳಿಗಾಲದಾಗ ಬೈಕ್ ತಗೊಂಡು ಹೋಗಿ ಮಂಜಿನ್ಯಾಗ ಫೋಟೋ ಹೊಡಕೊಂಡು ನಾರಾಯಣಪುರದಾಗ ದತ್ತನ ಗುಡಿಗೆ ಕೈಮುಗದು ವಾಪಸ್ ಬರೂದು, ಹಿಂಜೇವಾಡಿ ಹುಡುಗರದೆಲ್ಲಾ ಇದ ಕಥಿ. ಅಲ್ಲಿ ಮಾಚಿ ಮ್ಯಾಲೆ, ಅಂದ್ರ ಗಡದ ಕೆಳಗಿನ ಸಪಾಟ ಜಾಗದಾಗ, ಛತ್ತು ಇಲ್ಲದ ಇಂಗ್ರೇಜಿ ಚರ್ಚಿನ ಗೋಡಿ ನಿಂತಾವಲ್ಲ, ಅವನ್ನ ಎಲ್ಲಾರೂ ನೋಡಿರ್ತೀವಿ, ಇಲ್ಲಿ ಯಾರು ಪ್ರಾರ್ಥನಿ ಮಾಡ್ತಿದ್ರು ಅಂತ ಯಾರೂ ಕೇಳಂಗಿಲ್ಲ. 1818ರಾಗ ಗಡ ಬ್ರಿಟಿಷರ ಕೈಗೆ ಹೋತು, ಥಂಡಿ ಹವಾ ಅಂತ ಅವರು ಅದನ್ನ ಬ್ಯಾನಿ ಬಿದ್ದ ಸೋಲ್ಜರ್‌ಗಳ ಸ್ಯಾನಿಟೋರಿಯಂ ಮಾಡ್ಕೊಂಡ್ರು. ಅಲ್ಲೇ 1854ರಾಗ ಸತ್ತಾಂವ ಲಾರ್ಡ್ ಫ್ರೆಡರಿಕ್ ಫಿಟ್ಜ್‌ಕ್ಲಾರೆನ್ಸ್, ಬಾಂಬೆ ಸೈನ್ಯದ ಕಮಾಂಡರ್ ಇನ್ ಚೀಫ್. ಅಪ್ಪ ಇಂಗ್ಲೆಂಡಿನ ರಾಜ ನಾಲ್ಕನೇ ವಿಲಿಯಂ. ಅವ್ವ ಡೊರೊಥಿಯಾ ಜೋರ್ಡನ್, ಎಲ್ಲಾರೂ ಡೋರಾ ಅಂತಿದ್ರು, ಡಬ್ಲಿನ್ನಿನ ಸ್ಟೇಜಿನಿಂದ ಮ್ಯಾಲೆ ಬಂದಾಕಿ. ಟೂರ್ ಪೂರ್ತಿ ಈ ಅವ್ವನ ಮ್ಯಾಲೆ.

ಗೈಡ್ ಬೆಳಗಾವಿ ಹುಡುಗ. ಬಸ್ಸಿನ್ಯಾಗ ನಾವು ಕನ್ನಡದವರೇ ಜಾಸ್ತಿ ಅಂತ ಗೊತ್ತಾದಕೂಡ್ಲೇ ಮರಾಠಿ ಬಿಟ್ಟು ಕನ್ನಡಕ್ಕ ಬಂದ, ಆಮ್ಯಾಲೆ ಹಿಂದಿನ ಸೀಟಿನ ಕಾಕಾ ಕಾಕು ಬೈದ್ರು ಅಂತ ಒಂದ ವಾಕ್ಯ ಕನ್ನಡ ಒಂದ ವಾಕ್ಯ ಮರಾಠಿ ಹಿಂಗ ನಡಸಿದ. ಮೈಕ್ ಕಟರ್ ಕಟರ್ ಅಂತಿತ್ತು, ಕಾತ್ರಜ್ ಬೋಗದಾ ದಾಟೂ ತನಕ ಅರ್ಧ ಕೇಳ್ಸಿಲ್ಲ. ಎಸಿ ಬಸ್ ಅಂತ ರೊಕ್ಕಾ ತಗೊಂಡು ಕಿಟಕಿ ತಗೀರಿ ಅಂದ್ರು, ಅದೂ ನನ್ನ ಕಡೀ ಕಿಟಕಿ ಜಾಮ್. ಸ್ವಾರಗೇಟಿಗೆ 6ಕ್ಕ ಬರ್ರಿ ಅಂದು ತಾವು 7ರ ಮ್ಯಾಲೆ ಬಂದ್ರು. ಇದನ್ನ ಓದಿದ್ರ ಸರಿ ಮಾಡ್ಕೋರಿಪಾ.

ಆದ್ರ ಹುಡುಗ ಕಥಿ ಹೇಳೂದ್ರಾಗ ಶ್ಯಾಣ್ಯಾ. ಮೊದಲ ಒಂದ ಲ್ಯಾಮಿನೇಟ್ ಮಾಡಿದ ಚಿತ್ರ ಕೈಯಿಂದ ಕೈಗೆ ಬಿಟ್ಟ, ಹಾಪ್ನರ್ ಅನ್ನೂ ಪೇಂಟರ್ 1786ರಾಗ ತಗದದ್ದು, ಮೂಲ ಚಿತ್ರ ಇಂಗ್ಲೆಂಡಿನ ರಾಜಮನೆತನದ ಸಂಗ್ರಹದಾಗ ಐತಿ. ನಮ್ಮ ಸೀಟಿಗೆ ಬರೂದ್ರೊಳಗ ಅದರ ಮ್ಯಾಲೆ ಯಾರದೋ ಚಕ್ಕುಲಿ ಎಣ್ಣಿ ಬಟ್ಟು ಮೂಡಿತ್ತು. ಡೋರಾ ಹಾಸ್ಯದ ದೇವತಿ ವೇಷದಾಗ ಮುಂದ ಅದಾಳ, ಹಿಂದ ಅರ್ಧ ಮನಷ್ಯಾ ಅರ್ಧ ಆಡು ಇರೂ ಒಂದ ಪ್ರಾಣಿ ಅಕಿ ಕಡೆ ಮೈಮ್ಯಾಲೆ ಬರಾಕ ಹತ್ತೈತಿ, ನಡುವ ಇನ್ನೊಬ್ಬಾಕಿ ಅದನ್ನ ಹಿಂದಕ್ಕ ನೂಕ್ಯಾಳ. ನನ್ನ ಬಾಜೂಕ ಕುಂತ ಗೆಳತಿ ಅಂದ್ಲು, ಇಕಿ ಇಡೀ ಬಾಳೇವು ಇದೊಂದ ಚಿತ್ರದಾಗ ಐತೆಲ್ಲಾ ಅಂತ. ಖರೇನ. ಡಬ್ಲಿನ್ನಿನ್ಯಾಗ ಥೇಟರಿನ ಮ್ಯಾನೇಜರ್ ಡೇಲಿ ಅನ್ನಾಂವ ಅಕಿನ್ನ ಬಸುರಿ ಮಾಡಿದ, ಅವನ ಕೈಯಿಂದ ತಪ್ಪಿಸ್ಕೊಂಡು 1782ರಾಗ ಸಮುದ್ರ ದಾಟಿ ಇಂಗ್ಲೆಂಡಿನ ಲೀಡ್ಸಿಗೆ ಓಡಿದ್ಲು, ಕೈಯಾಗ ರೊಕ್ಕಿಲ್ಲ, ಹೊಟ್ಟ್ಯಾಗ ಕೂಸು. ಮದುವಿ ಅನ್ನೂದು ಅಕಿ ಹಣ್ಯಾಗ ಎಂದೂ ಬರ್ಲೇ ಇಲ್ಲ, ಮಿಸೆಸ್ ಜೋರ್ಡನ್ ಅನ್ನೂದು ಸ್ಟೇಜಿಗಾಗಿ ಇಟ್ಕೊಂಡ ಹೆಸರು. ಮೂರ ವರ್ಷಕ್ಕ, 1785ರಾಗ, ಲಂಡನ್ನಿನ ಡ್ರೂರಿ ಲೇನ್ ಥೇಟರಿನ್ಯಾಗ ಇಳಿದ್ಲು, ಊರ ಹುಚ್ಚ ಹಿಡಕೊಂಡ್ತು.

ಹುಚ್ಚ ಹಿಡಿಸಿದ್ದು ಅಕಿ ಗಂಡಸಿನ ವೇಷದಾಗ ಬರ್ತಿದ್ದಕ್ಕ. ಶೇಕ್ಸ್‌ಪಿಯರ್ ನಾಟಕದಾಗ ಹುಡುಗನ ವೇಷ ಹಾಕೂ ಹುಡುಗಿ ಪಾತ್ರ ಇರ್ತಾವಲ್ಲ, ರೋಸಲಿಂಡ್, ವಯೋಲಾ, ಅವು ಅಕಿಗೆ ಹೇಳಿ ಮಾಡಿಸಿದಂಗ. ಉದ್ದ ಲಂಗದ ಕಾಲದಾಗ ಬಿಗಿ ಚಲ್ಲಣ ಹಾಕ್ಕೊಂಡು ಕಾಲ ಕಾಣೂಹಂಗ ಹೆಣ್ಣಮಗಳು ಸ್ಟೇಜಿಗೆ ಬಂದ್ರ ಟಿಕೀಟ್ ಖರ್ಚ ಆಗ್ಲಾರದ ಇರ್ತಾವೇನು. ಪುಣೆದಾಗ ಬಾಲಗಂಧರ್ವರು ಸೀರಿ ಉಟ್ಟು ಬಂದ್ರ ಹೆಣ್ಣಮಕ್ಕಳು ಅವರ ಸೀರಿ ಉಡೂ ಪರಿ ನೋಡಿ ಕಲೀತಿದ್ರಂತ, ನಮ್ಮ ಕಡೆ ಏಣಗಿ ಬಾಳಪ್ಪನೋರ ಹೆಣ್ಣ ಪಾತ್ರ ನೆನಸಿಕೊಳ್ಳೂ ಹಿರಿಯಾರು ಮೊನ್ನೆ ಮೊನ್ನೆ ತನಕ ಇದ್ರು. ಇಲ್ಲಿ ಗಂಡಸ್ರು ಸೀರಿ ಉಟ್ಟು ದೇವರಾದ್ರು, ಅಲ್ಲಿ ಅಕಿ ಚಲ್ಲಣ ಹಾಕಿ ಊರ ಮಂದಿ ಬಾಯಿಗೆ ಬಿದ್ಲು. ಇದು ಗೈಡ್ ಹೇಳಿದ್ದಲ್ಲ, ನಾನ ಸೇರಿಸೀನಿ.

ಇನ್ನ ರಾಜಕುಮಾರ. ಜಾಹೀರಾತಿನ್ಯಾಗ ಯುವರಾಜ ಅಂದಾರಲ್ಲ, 1791ರಾಗ ಇಬ್ಬರೂ ಕೂಡಿದಾಗ ಅಂವ ಬರೇ ಮೂರನೇ ಮಗ, ಡ್ಯೂಕ್ ಆಫ್ ಕ್ಲಾರೆನ್ಸ್, ನೌಕಾಪಡೆದಾಗ ಇದ್ದು ಬಂದಾಂವ, ಮೈತುಂಬ ಸಾಲ. ಗಾದಿ ಅವಗ ಬರ್ತೈತಿ ಅಂತ ಯಾರೂ ಅಂದಕೊಂಡಿರ್ಲಿಲ್ಲ, ಗಾದಿಗೆ ಹತ್ರದ ವಾರಸದಾರ ಆಗಿದ್ದು 1827ರಾಗ, ಅಷ್ಟೊತ್ತಿಗೆ ಡೋರಾ ಮಣ್ಣಾಗಿ ಹತ್ತ ವರ್ಷದ ಮ್ಯಾಲಾಗಿತ್ತು. 1772ರ ರಾಯಲ್ ಮ್ಯಾರೇಜ್ ಕಾಯ್ದೆ ಪ್ರಕಾರ ರಾಜನ ಒಪ್ಪಿಗಿ ಇಲ್ಲದ ಅವರ ಮದುವಿ ನಡ್ಯಾಂಗಿಲ್ಲ, ಒಪ್ಪಿಗಿ ಅಂತೂ ಸಿಗೂ ಮಾತ ಅಲ್ಲ. ಹಂಗ 20 ವರ್ಷ ಸಂಸಾರ ಮಾಡಿದ್ರು, 1797ರಿಂದ ಬುಷಿ ಹೌಸ್ ಅನ್ನೂ ಬಂಗಲೇದಾಗ, ಐದ ಗಂಡು ಐದ ಹೆಣ್ಣು, ಹತ್ತ ಮಕ್ಕಳು. ಅಕಿ ಬಸುರಿದ್ದಾಗನೂ ಸ್ಟೇಜ್ ಬಿಡ್ಲಿಲ್ಲ, ಬಿಡಾಕ ಬರ್ತಿರ್ಲಿಲ್ಲ, ಯಾಕಂದ್ರ ಮನಿ ನಡ್ಯಾಕ ಅಕಿ ದುಡದ ರೊಕ್ಕಾನೂ ಬೇಕಿತ್ತು. ಪೇಪರಿನ್ಯಾಗ ಕಾರ್ಟೂನ್ ಬರಿಯಾವ್ರಿಗೆ ಹಬ್ಬ, ಡ್ಯೂಕ್ ಅಕಿನ್ನ ಇಟ್ಕೊಂಡಾನೋ ಅಕಿ ಡ್ಯೂಕನ್ನ ಇಟ್ಕೊಂಡಾಳೋ ಅಂತ.

ಒಂದ ಹಳೇ ಕಥಿ ಐತಿ, ಅಪ್ಪ ರಾಜ ಮೂರನೇ ಜಾರ್ಜ್ ಮಗನ್ನ ಕರದು ನಟಿಗೆ ವರ್ಷಕ್ಕ 1000 ಪೌಂಡ್ ಭಾಳ ಆತು, 500 ಸಾಕು ಅಂದನಂತ, ಡ್ಯೂಕ್ ಹಂಗ ಅಕಿಗೆ ಬರದ್ನಂತ, ಅಕಿ ನಾಟಕದ ಕರಪತ್ರದ ತಳದ ತುಂಡ ಹರದು ಕಳಿಸಿದ್ಲಂತ, ಅದರಾಗ ಏನ ಅಚ್ಚಾಗಿತ್ತಂದ್ರ ಪರದೆ ಎದ್ದ ಮ್ಯಾಲೆ ರೊಕ್ಕಾ ವಾಪಸ್ ಇಲ್ಲ. ಬಸ್ಸಿನ್ಯಾಗ ಎಲ್ಲಾರೂ ನಕ್ರು, ಆ ಹೊಸಾ ಜೋಡಿನೂ ನಕ್ತು.

ಟೂರಿನ ಖರೇ ಮಜಾ, ಅಥವಾ ಸಂಕಟ ಅನ್ರಿ, ಗಡದ ಮ್ಯಾಲೆ. ಚರ್ಚಿನ ಗೋಡಿ ನೆರಳಿಗೆ ಕುಂದ್ರಿಸಿ ಹುಡುಗ 1811ರ ಲೆಕ್ಕಾ ತಗದ. ಅಕಿ ಚೆಲ್ಟನ್‌ಹ್ಯಾಮ್ ಊರಾಗ ನಾಟಕಕ್ಕ ಹೋಗಿದ್ಲು, ಅಲ್ಲಿಗೆ ಡ್ಯೂಕನ ಪತ್ರ ಬಂತು, ಬೇರೆ ಆಗೂದೈತಿ, ಬಂದು ಭೇಟಿ ಆಗು ಅಂತ. ಆ ರಾತ್ರಿ ಕಾಮಿಡಿ ಇತ್ತು, ನಗೂ ಸೀನಿನ್ಯಾಗ ಅಕಿ ಅತ್ತಬಿಟ್ಲು. ಅಂವ ರೊಕ್ಕಾ ಇರೂ ಹುಡುಗಿ ಹುಡುಕಾಕ ಹೊಂಟಿದ್ದ, ಅಷ್ಟ ಕಾರಣ. ಸೆಟಲ್‌ಮೆಂಟ್ ವರ್ಷಕ್ಕ 4,400 ಪೌಂಡ್, ಅದಕ್ಕೊಂದ ಕರಾರು, ಮತ್ತ ಸ್ಟೇಜ್ ಹತ್ತಿದ್ರ ಸಣ್ಣ ಹೆಣ್ಣಮಕ್ಕಳನ್ನೂ ಅವರ ಪಾಲಿನ ರೊಕ್ಕಾನೂ ವಾಪಸ್ ಕೊಡಬೇಕು. ಇಪ್ಪತ್ತ ವರ್ಷ ಯಾವ ದುಡಿಮಿ ಮನಿಗೆ ಬೇಕಾಗಿತ್ತೋ ಅದನ್ನ ಈಗ ಮಾಡಬ್ಯಾಡ ಅಂತ! ಅಳಿಯ ಒಬ್ಬ ಅಕಿ ಹೆಸರಲೆ ಸಾಲ ಮಾಡಿ ಕುಂತಿದ್ದ, ಅದರ ಭಾರಕ್ಕ 1815ರಾಗ ಫ್ರಾನ್ಸಿಗೆ ಓಡಿದ್ಲು, 1816ರ ಜುಲೈ 5ಕ್ಕ ಪ್ಯಾರಿಸ್ ಹತ್ರ ಸೇಂಟ್ ಕ್ಲೌಡ್ ಊರಾಗ ಸತ್ಲು. ಹತ್ರ ಮಕ್ಕಳ್ಯಾರೂ ಇಲ್ಲ. ಫ್ರೆಡರಿಕ್‌ಗೆ ಆಗ 16.

ನಾನು ಈ ಭಾಗಕ್ಕ ಸ್ಟಾರ್ ಕೊಟ್ಟದ್ದು. ಬ್ಯಾರೆ ಯಾರರೆ ಆಗಿದ್ರ ಹಿನ್ನೆಲೆ ಮ್ಯೂಸಿಕ್ ಹಾಕಿ ಅಮರ ಪ್ರೇಮ ಅಂತ ಮುಗಿಸ್ತಿದ್ರು, ಇಂವ ಪೌಂಡಿನ ಲೆಕ್ಕಾ ಹೇಳಿ ಸುಮ್ನಾದ. ಪ್ರೀತಿ ಇರ್ಲಿಲ್ಲ ಅಂತಲ್ಲ, ರಾಜ ಆದಮ್ಯಾಲೆ ವಿಲಿಯಂ ಶಾಂಟ್ರಿ ಅನ್ನೂ ಶಿಲ್ಪಿ ಕಡಿಂದ ಮಕ್ಕಳನ್ನ ಮಡಿಲಾಗ ಇಟ್ಕೊಂಡ ಡೋರಾನ ಮೂರ್ತಿ ಮಾಡಿಸಿದ, ಈಗ ಅದು ಬಕಿಂಗ್‌ಹ್ಯಾಮ್ ಅರಮನಿಯೊಳಗ ಐತಿ. ಇದ್ದಾಗ ಕೊಡಬೇಕಾದ ಜಾಗ ಸತ್ತಮ್ಯಾಲೆ ಕಲ್ಲಿನ್ಯಾಗ ಕೊಟ್ರ ಏನ ಉಪಯೋಗಾರೀ. ಮತ್ತ ನೋಡ್ರಿ ದೈವದ ಆಟ, ರೊಕ್ಕಾದ ಹುಡುಗಿ ಅಂತೂ ಸಿಗ್ಲಿಲ್ಲ, 1818ರಾಗ ಅಡಿಲೇಡ್ ಅನ್ನೂ ಜರ್ಮನ್ ರಾಜಕುಮಾರಿ ಸಂಗಾಟ ಮದುವಿ ಆದ, ಆ ಮಕ್ಕಳ್ಯಾರೂ ಉಳೀಲಿಲ್ಲ, ಡೋರಾನ ಮಕ್ಕಳಿಗೆ ಗಾದಿ ಹಕ್ಕಿಲ್ಲ, ಹಂಗಾಗಿ 1837ರಾಗ ಗಾದಿ ಅಣ್ಣನ... ಛೇ, ತಮ್ಮನ ಮಗಳು ವಿಕ್ಟೋರಿಯಾಗೆ ಹೋತು.

ಹಕ್ಕಿಲ್ಲದ ಮಕ್ಕಳನ್ನ ಎಲ್ಲಿಗೆ ಕಳಿಸ್ಬೇಕು? ಹಿಂದೂಸ್ತಾನಕ್ಕ. ಹೆನ್ರಿ ಅನ್ನಾಂವ 1817ರಾಗ ಭಾರತದಾಗ ಸತ್ತ. ಎಲ್ಲಾರಕಿಂತ ಸಣ್ಣಾಕಿ ಅಮೇಲಿಯಾ, 1848ರಿಂದ 1853ರ ತನಕ ಮುಂಬೈ ಗವರ್ನರ್ ಇದ್ದ ಲಾರ್ಡ್ ಫಾಕ್‌ಲ್ಯಾಂಡ್ ಹೆಂಡ್ತಿ. ಬೋರಿಬಂದರದಿಂದ ಠಾಣೆಗೆ ಮೊದಲ ರೈಲು ಹೋತಲ್ಲ 1853ರಾಗ, ಆಗ ಗವರ್ನರ್ ಇಕಿ ಗಂಡ, ಸೇನಾಪತಿ ಇಕಿ ಅಣ್ಣ. ಒಂದ ಕಾಲಕ್ಕ ಬಾಂಬೆ ಪ್ರೆಸಿಡೆನ್ಸಿಯ ಎರಡು ದೊಡ್ಡ ಮನಿಗಳಾಗ ಆ ನಟಿಯ ಮಕ್ಕಳು! ಮುಂಬೈದ ಫಾಕ್‌ಲ್ಯಾಂಡ್ ರೋಡ್ ಈ ಗವರ್ನರ್‌ನ ಹೆಸರಿಂದು, ಈಗ ಅದಕ್ಕ ತಮಾಶಾ ಕಲಾವಿದ ಪಠ್ಠೆ ಬಾಪೂರಾವ್ ಹೆಸರ ಐತಿ. ನಟಿ ಅಳಿಯನ ಹೆಸರ ತಗದು ತಮಾಶಾದವನ ಹೆಸರ ಇಟ್ಟಾರ ಅಂದ್ರ ಡೋರಾ ಬ್ಯಾಸರ ಮಾಡ್ಕೋತಿರ್ಲಿಲ್ಲ ಅನಸ್ತೈತಿ. ಇದನ್ನ ಗೈಡ್ ಬರೇ ಎರಡ ಮಾತಿನ್ಯಾಗ ಮುಗಿಸಿಬಿಟ್ಟ, ನನಗ ಇದ್ರ ಮ್ಯಾಲೇ ಒಂದ ಪೂರ್ತಿ ದಿನದ ಟೂರ್ ಬೇಕು. ಪರೇಲಿನ ಹಳೇ ಗವರ್ನಮೆಂಟ್ ಹೌಸ್, ಈಗಿನ ಹಾಫ್‌ಕಿನ್ ಇನ್‌ಸ್ಟಿಟ್ಯೂಟ್, ಅಲ್ಲೇ ಐತಿ, ಹೊರಗಿಂದರೆ ತೋರಸ್ರಿ, ಮಾಟುಂಗಾದಾಗ ಊಟ ಹಾಕ್ಸಿದ್ರ ಮುಂಬೈ ಕನ್ನಡದವರು ಬಸ್ ತುಂಬಸ್ತಾರ.

ಊಟದ ಮಾತ ಬಂತಂದ್ರ, ಸಾಸವಡದಾಗ ಪಿಠ್ಲ ಭಾಕ್ರಿ ಠೇಚಾ ಹಾಕಿದ್ರು, ಭಾಕ್ರಿ ಬಿಸಿ ಇತ್ತು, ಪಿಠ್ಲ ನೀರ ನೀರ. ರೋಡಿನ ಬಾಜೂಕ ಅಂಜೂರ ಮಾರ್ತಿದ್ರು, ಪುರಂದರ ತಾಲೂಕಿನ ಅಂಜೂರಕ್ಕ ಹೆಸರೈತಿ, ಬಸ್ ಹತ್ತ ನಿಮಿಷ ನಿಲ್ಲಸ್ರಿ ಅಂದ್ರ ಡ್ರೈವರ್ ಮಾರಿ ಗಂಟ ಹಾಕ್ಕೊಂಡ.

ಹೋಗಾವ್ರಿಗೆ: ಗಡದ ಮ್ಯಾಲೆ ಮಿಲಿಟರಿ ಜಾಗ, ಗೇಟಿನ್ಯಾಗ ಐಡಿ ಕೇಳ್ತಾರ, ಸಂಜಿಗೆ ಲಗೂನ ಇಳಸ್ತಾರ, ಎಲ್ಲಾ ಕಡೆ ಫೋಟೋ ಹೊಡ್ಯಾಕ ಬಿಡಂಗಿಲ್ಲ. ಮಾಚಿ ತನಕ ಗಾಡಿ ಹೋಗ್ತೈತಿ, ಹಿರಿಯಾರಿಗೆ ತ್ರಾಸಿಲ್ಲ, ಕೇದಾರೇಶ್ವರ ಗುಡಿಗೆ ಮಾತ್ರ ಮೆಟ್ಲ ಹತ್ಬೇಕು, ಮೊಣಕಾಲ ನೋವಿದ್ದವರು ಕೆಳಗ ಚರ್ಚಿನ ಹತ್ರನ ಕುಂದರ್ರಿ. ಪ್ರೇಮಕಥಿ ಕೇಳಾಕ ಆನಿವರ್ಸರಿ ದಿನ ಬುಕ್ ಮಾಡಬ್ಯಾಡ್ರಿ. ಮುಂದಿನ ಸೀಟ್ ಕೇಳಿ ತಗೋರಿ, ಮೈಕ್ ಇನ್ನೂ ರಿಪೇರಿ ಆಗಿರಾಂಗಿಲ್ಲ.