ಹುಮ್ಮಸ್ಸಿನ ಕ್ಯಾಪ್ಸೂಲ್: 5ಕ್ಕೆ 2 ಸ್ಟಾರ್

60 ಕ್ಯಾಪ್ಸೂಲ್, 799 ರೂಪಾಯಿ. ಡಬ್ಬಿ ಮೇಲೆ ‘ಡೋಪಮೈನ್ ಸಪೋರ್ಟ್’ ಅಂತ ದಪ್ಪಕ್ಷರ (ಡೋಪಮೈನ್ ಅಂದರೆ ಹುಮ್ಮಸ್ಸಿಗೆ ನೆರವಾಗುವ ಮೆದುಳಿನ ರಾಸಾಯನಿಕ). ಒಳಗಿರುವುದು ನಸುಗುನ್ನಿ ಬೀಜದ ಪುಡಿ. ಅದೇ, ಶಾಲೆಯಲ್ಲಿ ಹುಡುಗರು ಬೆಂಚಿಗೆ ಸವರಿ ನಮ್ಮನ್ನು ಕೆರೆದುಕೊಳ್ಳುವ ಹಾಗೆ ಮಾಡುತ್ತಿದ್ದರಲ್ಲ, ಆ ಕಾಯಿ!

ಪೂರ್ತಿ ಸುಳ್ಳೇನಲ್ಲ. ಡೋಪಮೈನ್ ರಕ್ತದಿಂದ ಮೆದುಳಿಗೆ ದಾಟುವುದಿಲ್ಲ. ಈ ಬೀಜದಲ್ಲಿರುವ ಎಲ್-ಡೋಪಾ ದಾಟುತ್ತದೆ, ಅಲ್ಲಿ ಡೋಪಮೈನ್ ಆಗುತ್ತದೆ. ಪಾರ್ಕಿನ್ಸನ್ ಕಾಯಿಲೆಗೆ ಡಾಕ್ಟರು ಕೊಡುವುದೂ ಎಲ್-ಡೋಪಾನೇ. ಆದರೆ ಜಾಸ್ತಿ ಪಾಲು ಮೆದುಳು ಮುಟ್ಟುವ ಮೊದಲೇ ಡೋಪಮೈನ್ ಆಗಿಬಿಡುತ್ತದೆ, ಹೊಟ್ಟೆ ತೊಳಸುತ್ತದೆ. ನನಗೂ ಅದೇ ಆಯಿತು. ಮೂರನೇ ದಿನ ಉಪ್ಪಿಟ್ಟಿನ ವಾಸನೆಗೇ ವಾಕರಿಕೆ. ಹುಮ್ಮಸ್ಸು? ಮಡಚದ ಬಟ್ಟೆಯ ರಾಶಿ ಕುರ್ಚಿ ಮೇಲೆ ಹಾಗೇ ಇತ್ತು. ಒಂದು ಕ್ಯಾಪ್ಸೂಲಿನಲ್ಲಿ ಎಲ್-ಡೋಪಾ ಎಷ್ಟು ಮಿಲಿಗ್ರಾಂ ಅಂತಾನೂ ಬರೆದಿಲ್ಲ.

ಕೊನೆಗೆ ಅಕ್ಕ ಬೈದು ರಕ್ತ ಪರೀಕ್ಷೆ ಮಾಡಿಸಿದಳು. ಟಿಎಸ್‌ಎಚ್ (ಥೈರಾಯ್ಡ್ ಮಂದವಾದಾಗ ಏರುವ ಹಾರ್ಮೋನು) 14! ಸುಸ್ತು ಥೈರಾಯ್ಡಿನದ್ದು. ಸುಮ್ನೆ ಸೋಮಾರಿ ಅಂತ ನನ್ನನ್ನೇ ಬೈದುಕೊಂಡಿದ್ದೆ. ಈಗ ಬೆಳಿಗ್ಗೆ ಖಾಲಿ ಹೊಟ್ಟೆಗೆ ಥೈರಾಕ್ಸಿನ್ ಮಾತ್ರೆ, ಕಾಫಿ ಒಂದು ಗಂಟೆ ತಡ (ಅದೇ ಕಷ್ಟ). ಎರಡು ತಿಂಗಳಿಗೆ ಕುರ್ಚಿ ಖಾಲಿಯಾಯಿತು.

ಎರಡು ಸ್ಟಾರ್ ಯಾಕೆ ಅಂದರೆ, ಡಬ್ಬಿ ಗಟ್ಟಿಯಾಗಿದೆ. ಸಾಸಿವೆ ಹಾಕಿಟ್ಟಿದ್ದೇನೆ.