ಅಮೆರಿಕದಲ್ಲಿ ಹೂ ಕಳಿಸಲು ಯಾವ ದಾರಿ: ಊರಿನ ಅಂಗಡಿ, ಕೂಪನ್ ಹಾಕಿದ ವೈರ್ ಸರ್ವಿಸ್, ಕೊರಿಯರ್ ಪೆಟ್ಟಿಗೆ

ಅಮೆರಿಕದಲ್ಲಿರುವ ಯಾರಿಗಾದರೂ ಹೂ ಕಳಿಸಬೇಕಿದ್ದರೆ ಅವರಿರುವ ಊರಿನ ಹೂವಿನ ಅಂಗಡಿಗೇ ನೇರವಾಗಿ ಫೋನ್ ಮಾಡಿ. ಮೂರು ದಾರಿಗಳನ್ನೂ ಹೆಚ್ಚುಕಡಿಮೆ ಒಂದೇ ಬಜೆಟ್ಟಿನಲ್ಲಿ, 60ರಿಂದ 80 ಡಾಲರಿನೊಳಗೆ, ಬಳಸಿ ನೋಡಿದ ಮೇಲೆ ಹೇಳುತ್ತಿರುವ ಮಾತಿದು. ಸದಸ್ಯತ್ವದ ಸಗಟು ಮಳಿಗೆಯ ಪುಟದಿಂದಲೋ ಕೂಪನ್ ಸೈಟಿನಿಂದಲೋ ವೈರ್ ಸರ್ವಿಸ್‌ಗೆ ಹೋಗಿ 20 ಪರ್ಸೆಂಟ್ ಉಳಿಸಿದೆವು ಅಂದುಕೊಂಡ ಆರ್ಡರುಗಳಲ್ಲೇ ಎಲ್ಲಕ್ಕಿಂತ ಬಡಕಲು ಬೊಕೆ ತಲುಪಿದ್ದು. ಅದಕ್ಕೆ ಹೂ ಕಟ್ಟುವವರ ಸೋಮಾರಿತನ ಕಾರಣವಲ್ಲ, ಲೆಕ್ಕ ಕಾರಣ.

ವೈರ್ ಸರ್ವಿಸ್ ಮೂಲತಃ ಒಂದು ಊರಿನ ಆರ್ಡರನ್ನು ಇನ್ನೊಂದು ಊರಿಗೆ ದಾಟಿಸುವ ಜಾಲ. 1910ರಲ್ಲಿ ಕೆಲವು ಹೂವಿನ ಅಂಗಡಿಯವರು ಸೇರಿ, ತಮ್ಮ ಗಿರಾಕಿಗಳ ಆರ್ಡರನ್ನು ಟೆಲಿಗ್ರಾಂ ಮೂಲಕ ಬೇರೆ ಊರಿನ ಅಂಗಡಿಗೆ ಒಪ್ಪಿಸಲು ಮಾಡಿಕೊಂಡ ಏರ್ಪಾಡೇ ಎಫ್‌ಟಿಡಿ. ಇಂಥದೇ ಇನ್ನೊಂದು ಜಾಲ ಟೆಲಿಫ್ಲೋರಾ ಹುಟ್ಟಿದ್ದು 1934ರಲ್ಲಿ. ಮೂರನೆಯ ಜಾಲ ಬ್ಲೂಮ್‌ನೆಟ್ 1-800-ಫ್ಲವರ್ಸ್ ಕಂಪನಿಯದು. ಅಂಗಡಿಯವರದೇ ಸಹಕಾರಿ ಸಂಘವಾಗಿದ್ದ ಎಫ್‌ಟಿಡಿ 1990ರ ದಶಕದಲ್ಲಿ ಲಾಭದ ಕಂಪನಿಯಾಯಿತು, 2019ರ ಜೂನ್‌ನಲ್ಲಿ ದಿವಾಳಿ ಅರ್ಜಿ ಹಾಕಿ ಕೈ ಬದಲಾಯಿಸಿತು. ಮೊದಲು ಆರ್ಡರ್ ಹುಟ್ಟುತ್ತಿದ್ದದ್ದು ಯಾವುದೋ ಅಂಗಡಿಯ ಕಟ್ಟೆಯಲ್ಲಿ. ಈಗ ಜಾಲದ ಕಂಪನಿಗಳೇ ವೆಬ್‌ಸೈಟ್ ಇಟ್ಟುಕೊಂಡು, ರಿಯಾಯಿತಿ ಮಾರಾಟಗಾರರ ಜೊತೆ ಒಪ್ಪಂದ ಮಾಡಿಕೊಂಡು ಆರ್ಡರ್ ಹಿಡಿಯುತ್ತವೆ. ಹೂ ಕಟ್ಟುವವರು ಮಾತ್ರ ಅದೇ ಬೀದಿಬದಿಯ ಅಂಗಡಿಯವರು.

ಈಗ ಲೆಕ್ಕಕ್ಕೆ ಬರೋಣ. ಈ ವ್ಯವಹಾರದ ಹಳೇ ವಾಡಿಕೆಯ ಹಂಚಿಕೆ ಹೀಗೆ: ಆರ್ಡರ್ ಹಿಡಿದವರಿಗೆ 20 ಪರ್ಸೆಂಟ್, ಜಾಲಕ್ಕೆ 7, ಹೂ ಕಟ್ಟಿ ಮನೆ ಬಾಗಿಲಿಗೆ ಮುಟ್ಟಿಸುವ ಅಂಗಡಿಗೆ 73. 60 ಡಾಲರಿನ ಬೊಕೆಯಲ್ಲಿ ಅಂಗಡಿಯ ಕೈಗೆ ಬರುವುದು 43 ಡಾಲರ್ 80 ಸೆಂಟ್. ಎಷ್ಟೋ ಆರ್ಡರುಗಳಲ್ಲಿ ಡೆಲಿವರಿ ಖರ್ಚೂ ಅದರೊಳಗೇ. 12 ಡಾಲರ್ ಅಂತ ಇಟ್ಟುಕೊಂಡರೆ ಉಳಿಯುವುದು 31.80. ಹೂದಾನಿ, ಎಲೆ, ಕೆಲಸದ ಕೂಲಿ, ಅಂಗಡಿ ಬಾಡಿಗೆ, ಜಾಲಕ್ಕೆ ಕಟ್ಟುವ ತಿಂಗಳ ಶುಲ್ಕ, ಎಲ್ಲವೂ ಅದರಲ್ಲೇ ಆಗಬೇಕು. ನೀವು ಕಟ್ಟಿದ್ದೆಷ್ಟು? ಕೂಪನ್ ಕಳೆದು 48, ಅದರ ಮೇಲೆ ಸರ್ವಿಸ್ ಚಾರ್ಜ್ ಅಂತ ಸುಮಾರು 18, ಒಟ್ಟು 66. ಆ 18 ಡಾಲರನ್ನು ಅಂಗಡಿಯವರು ಕಣ್ಣಿನಿಂದಲೂ ನೋಡುವುದಿಲ್ಲ. ಅದೇ ಅಂಗಡಿಗೆ ನೇರ ಫೋನ್ ಮಾಡಿದ್ದರೆ 60 ಹೂವಿಗೆ, 12 ಡೆಲಿವರಿಗೆ, ಒಟ್ಟು 72. ಅಂದರೆ ಆರು ಡಾಲರ್ ಉಳಿಸಲು ಹೋಗಿ ಬೊಕೆಯ ಅರ್ಧದಷ್ಟನ್ನು ಬಿಟ್ಟುಕೊಟ್ಟ ಹಾಗೆ.

ಕೂಪನ್ನೂ ಹೇಳಿದಷ್ಟು ಉಳಿಸುತ್ತದೆ ಅನ್ನುವ ಖಾತ್ರಿಯಿಲ್ಲ. 2011ರ ಫೆಬ್ರವರಿಯಲ್ಲಿ, ವ್ಯಾಲೆಂಟೈನ್ಸ್ ದಿನಕ್ಕೆ ಮುಂಚೆ, ರಿಯಾಯಿತಿ ಕೂಪನ್ ಮಾರುವ ಗ್ರೂಪಾನ್ ಸೈಟಿನಲ್ಲಿ 20 ಡಾಲರಿಗೆ ಎಫ್‌ಟಿಡಿಯ 40 ಡಾಲರಿನ ಹೂ ಅನ್ನುವ ಕೊಡುಗೆ ಬಂತು. ಕೂಪನ್ ಹಿಡಿದು ಹೋದವರಿಗೆ ಕಂಡ ಬೆಲೆ, ಅದೇ ಹೂವಿಗೆ ಎಫ್‌ಟಿಡಿಯ ಮಾಮೂಲಿ ಸೈಟಿನಲ್ಲಿದ್ದ ರಿಯಾಯಿತಿ ಬೆಲೆಗಿಂತ ಹೆಚ್ಚಿತ್ತು. ಗಲಾಟೆಯಾದ ಮೇಲೆ ಗ್ರೂಪಾನ್ ದುಡ್ಡು ವಾಪಸ್ ಕೊಡಲು ಮುಂದಾಯಿತು. ಆದ್ದರಿಂದ ಕೂಪನ್ ಬಳಸಲೇಬೇಕು ಅನ್ನುವವರು ಅದೇ ಬೊಕೆಯನ್ನು ಲಿಂಕ್ ಇಲ್ಲದೆ, ಇನ್ನೊಂದು ಬ್ರೌಸರಿನಲ್ಲಿ ತೆರೆದು, ಕಾರ್ಡ್ ನಂಬರ್ ಕೇಳುವ ಪುಟದವರೆಗೂ ಹೋಗಿ ಒಟ್ಟು ಮೊತ್ತ ನೋಡಿ. ರಿಯಾಯಿತಿ ಸಾಮಾನ್ಯವಾಗಿ ಹೂವಿನ ಬೆಲೆಗೆ ಮಾತ್ರ. ಸರ್ವಿಸ್ ಚಾರ್ಜ್, ಶನಿವಾರದ ಡೆಲಿವರಿ, ಬೆಳಗಿನ ಹೊತ್ತೇ ಬೇಕೆಂದರೆ ಕೊಡುವ ಹೆಚ್ಚುವರಿ, ಇವಕ್ಕೆ ಅದು ತಾಗುವುದಿಲ್ಲ.

ಇಷ್ಟನ್ನೂ ಸಹಿಸಿಕೊಳ್ಳಬಹುದು. ಸಹಿಸಲಾಗದ್ದು ಆರ್ಡರ್ ಅಂಗಡಿಯಿಂದ ಅಂಗಡಿಗೆ ಅಲೆಯುವುದು.

ದುಡ್ಡು ಕಟ್ಟಿದ ಕೂಡಲೇ ಆರ್ಡರ್ ಖಚಿತವಾಗಿದೆ ಅಂತ ಮೇಲ್ ಬರುತ್ತದೆ. ಖಚಿತವಾಗಿರುವುದು ಪಾವತಿ ಮಾತ್ರ; ಹೂ ಕಟ್ಟುವವರು ಯಾರೆಂದು ಆಗಿನ್ನೂ ತೀರ್ಮಾನವಾಗಿರುವುದಿಲ್ಲ. ಜಾಲದ ಕಂಪ್ಯೂಟರ್ ಆ ಜಿಪ್ ಕೋಡಿಗೆ (ನಮ್ಮ ಪಿನ್ ಕೋಡಿನಂಥದ್ದು) ಹೂ ಮುಟ್ಟಿಸುವ ಒಬ್ಬ ಸದಸ್ಯರಿಗೆ ಆರ್ಡರ್ ಕಳಿಸುತ್ತದೆ. ಅವರು ಒಪ್ಪಬಹುದು, ತಿರಸ್ಕರಿಸಬಹುದು, ಇಲ್ಲವೇ 'ಆಸ್ಕ್' ಅನ್ನುವ ಸಂದೇಶ ಕಳಿಸಿ ಇನ್ನಷ್ಟು ದುಡ್ಡು ಕೇಳಬಹುದು. ಮೊತ್ತ ಕಡಿಮೆ, ವಿಳಾಸ ಊರಾಚೆ ಹದಿನೈದು ಮೈಲಿ, ಚಿತ್ರದಲ್ಲಿರುವ ಹೂದಾನಿ ಅಂಗಡಿಯಲ್ಲಿಲ್ಲ, ಅಥವಾ ಆ ದಿನದ ವ್ಯಾನ್ ಆಗಲೇ ತುಂಬಿದೆ ಅಂದರೆ ಆರ್ಡರ್ ವಾಪಸ್. ಅದು ಎರಡನೇ ಅಂಗಡಿಗೆ, ಅಲ್ಲಿಂದ ಮೂರನೆಯದಕ್ಕೆ ಹೋಗುತ್ತದೆ. ಒಂದೊಂದು ಕಡೆಯೂ ಅರ್ಧ ಗಂಟೆ, ಒಂದು ಗಂಟೆ ಕಳೆಯುತ್ತದೆ. ಅಂಗಡಿಗಳು ಅದೇ ದಿನದ ಡೆಲಿವರಿಗೆ ಆರ್ಡರ್ ತೆಗೆದುಕೊಳ್ಳುವುದು ಸಾಮಾನ್ಯವಾಗಿ ಮಧ್ಯಾಹ್ನ ಒಂದು ಎರಡು ಗಂಟೆಯವರೆಗೆ. ಅದು ದಾಟಿತೆಂದರೆ ಹುಟ್ಟುಹಬ್ಬ ಮುಗಿದ ಮಾರನೇ ದಿನ ಹೂ ಬರುತ್ತದೆ. ಅಷ್ಟು ಹೊತ್ತೂ ನಿಮ್ಮ ಪರದೆಯ ಮೇಲೆ ಕಾಣುವುದು 'ಪ್ರೋಸೆಸಿಂಗ್' ಅನ್ನುವ ಒಂದೇ ಪದ.

ಕೂಪನ್ ಆರ್ಡರುಗಳು ಹೆಚ್ಚು ಅಲೆಯಲು ಕಾರಣವಿದೆ. ಅವು ಬರುವುದು ಕನಿಷ್ಠ ಬೆಲೆಯ, ಇಂಥದ್ದೇ ಹೂದಾನಿ, ಇಷ್ಟೇ ಗುಲಾಬಿ ಅಂತ ಬರೆದಿಟ್ಟ ಮಾದರಿಗಳಿಗೆ, ಅದೂ ಮದರ್ಸ್ ಡೇ, ವ್ಯಾಲೆಂಟೈನ್ಸ್ ವಾರದಲ್ಲಿ. ತನ್ನದೇ ಗಿರಾಕಿಗಳ ಪೂರ್ತಿ ಬೆಲೆಯ ಆರ್ಡರುಗಳು ಸಾಲುಗಟ್ಟಿರುವಾಗ ಅಂಗಡಿಯವರು ಮೊದಲು ಕೈಬಿಡುವುದು ಇವನ್ನೇ. ಅದರಲ್ಲಿ ತಪ್ಪೇನೂ ಇಲ್ಲ.

ಕೆಟ್ಟ ಬೊಕೆ ಬಂದರೆ ಯಾರನ್ನು ಕೇಳುವುದು ಎಂಬುದೂ ಇದರದೇ ಬಾಲ. ಹೂವಿನ ಜೊತೆ ಬಂದ ಕಾರ್ಡಿನ ಮೇಲಿನ ನಂಬರಿಗೆ ಫೋನ್ ಮಾಡಿದರೆ ಅಂಗಡಿಯವರು ಕೊಂಡ ಕಡೆ ಕೇಳಿ ಅನ್ನುತ್ತಾರೆ. ನಿಮ್ಮ ದುಡ್ಡು ಅವರ ಹತ್ತಿರ ಇಲ್ಲ, ವಾಪಸ್ ಕೊಡುವ ಅಧಿಕಾರವೂ ಇಲ್ಲ. ಜಾಲದ ಕಾಲ್ ಸೆಂಟರಿನವರು ತಲುಪಿದೆ ಅಂತ ದಾಖಲಾಗಿದೆ ಅನ್ನುತ್ತಾರೆ. ರಿಯಾಯಿತಿ ಮಳಿಗೆ ನಾವು ಲಿಂಕ್ ಕೊಟ್ಟಿದ್ದಷ್ಟೇ ಅನ್ನುತ್ತದೆ. ಈ ದಾರಿಯಲ್ಲೇ ಹೋಗಬೇಕಾಗಿ ಬಂದರೆ ಹೀಗೆ ಮಾಡಿ: ಬೇಕಾದ ದಿನಕ್ಕಿಂತ ಒಂದು ದಿನ ಮುಂಚಿನ ತಾರೀಕು ಹಾಕಿ. ವಿಶೇಷ ಹೂದಾನಿಯ ಮಾದರಿ ಬೇಡ, 'ಡಿಸೈನರ್ಸ್ ಚಾಯ್ಸ್', ಅಂದರೆ ಆಯ್ಕೆಯನ್ನು ಹೂ ಕಟ್ಟುವವರಿಗೇ ಬಿಡುವುದನ್ನು, ಆರಿಸಿ. ಡೆಲಿವರಿ ದಿನ ಆ ಊರಿನ ಗಡಿಯಾರದಲ್ಲಿ ಹನ್ನೊಂದು ಗಂಟೆಗೆ ಕಾಲ್ ಸೆಂಟರಿಗೆ ಫೋನ್ ಮಾಡಿ, ಹೂ ಕಟ್ಟುತ್ತಿರುವ ಅಂಗಡಿಯ ಹೆಸರು ಮತ್ತು ನಂಬರ್ ಕೇಳಿ. ಹೆಸರು ಸಿಕ್ಕರೆ ಅಲ್ಲಿಗೇ ಒಂದು ಮಾತು ಕೇಳಿ ಖಚಿತಪಡಿಸಿಕೊಳ್ಳಿ. ಹನ್ನೆರಡಾದರೂ ಯಾರೂ ಒಪ್ಪಿಲ್ಲ ಅಂದರೆ ರದ್ದು ಮಾಡಿಸಿ ಬೇರೆ ಅಂಗಡಿ ನೋಡಿ. ಹೂ ಪಡೆದವರಿಂದ ಅವತ್ತೇ ಎರಡು ಫೋಟೋ ತರಿಸಿಕೊಳ್ಳಿ, ಒಂದು ಮೇಲಿನಿಂದ, ಒಂದು ಪಕ್ಕದಿಂದ. ಎರಡು ದಿನ ಬಿಟ್ಟು ತೆಗೆದ ಫೋಟೋಕ್ಕೆ ಬೆಲೆಯಿಲ್ಲ.

ಚಿತ್ರದ ವಿಷಯ ಒಂದೇ ಮಾತು: ಪುಟದಲ್ಲಿ ಕಾಣುವುದು ಬಹಳ ಸಲ ಡೀಲಕ್ಸ್ ಅಥವಾ ಪ್ರೀಮಿಯಂ ಗಾತ್ರ, ಪಕ್ಕದಲ್ಲಿರುವ ಬೆಲೆ ಸ್ಟ್ಯಾಂಡರ್ಡ್ ಗಾತ್ರದ್ದು.

ಮೂರನೆಯದು ಕೊರಿಯರ್ ಪೆಟ್ಟಿಗೆ. ಕೊಲಂಬಿಯಾ, ಈಕ್ವೆಡಾರ್‌ಗಳಿಂದ ಮಯಾಮಿಗೆ ಬಂದಿಳಿದ ಗುಲಾಬಿ, ಅಂಗಡಿಯ ಕೈ ತಾಗದೆ, ಮೊಗ್ಗಾಗಿಯೇ ರಟ್ಟಿನ ಪೆಟ್ಟಿಗೆಯಲ್ಲಿ ಮನೆಗೆ ಬರುತ್ತದೆ. ದಂಟಿನ ಲೆಕ್ಕದಲ್ಲಿ ಇದಕ್ಕಿಂತ ಅಗ್ಗ ಯಾವುದೂ ಇಲ್ಲ, ಹೂವೂ ಒಳ್ಳೆಯದೇ. ಆದರೆ ಕೆಲಸ ಪೂರ್ತಿ ಹೂ ಪಡೆದವರ ಪಾಲಿಗೆ. ಪೆಟ್ಟಿಗೆ ಬಂದ ಕೂಡಲೇ ಬಿಚ್ಚಬೇಕು. ಹೊರಗಿನ ಎರಡು ಮೂರು ಎಸಳು ಹಸಿರು ಕಂದು ಬಣ್ಣಕ್ಕಿದ್ದರೆ ಅದು ಕೊಳೆತದ್ದಲ್ಲ, ಮೊಗ್ಗನ್ನು ಕಾಯಲೆಂದು ಬಿಟ್ಟದ್ದು, ಮೆಲ್ಲಗೆ ಕೀಳಿ. ನೀರಿನೊಳಗೆ ಮುಳುಗುವ ಎಲೆಗಳನ್ನೆಲ್ಲ ತೆಗೆಯಿರಿ. ಹರಿತವಾದ ಚಾಕುವಿನಿಂದ ದಂಟಿನ ತುದಿಯನ್ನು 2 ಸೆಂ.ಮೀ.ನಷ್ಟು ಓರೆಯಾಗಿ ಕತ್ತರಿಸಿ, ತಡಮಾಡದೆ ಉಗುರುಬೆಚ್ಚಗಿನ ನೀರಿಗೆ ಹಾಕಿ. ಜೊತೆಗೆ ಬಂದ ಪುಡಿಯ ಪೊಟ್ಟಣದ ಮೇಲೆ ಎಷ್ಟು ನೀರಿಗೆಂದು ಬರೆದಿರುತ್ತದೆ, ಅಳೆದೇ ಹಾಕಿ. ನೀರು ಹೆಚ್ಚಾದರೆ ಅದರಲ್ಲಿರುವ ಸಕ್ಕರೆ ಬ್ಯಾಕ್ಟೀರಿಯಾಕ್ಕೆ ಊಟವಾಗುತ್ತದೆ, ಅದನ್ನು ತಡೆಯುವ ಔಷಧ ಸಾಲದೆ ಹೋಗುತ್ತದೆ. ನಾಲ್ಕೈದು ಗಂಟೆ ತಂಪಾದ ಜಾಗದಲ್ಲಿಟ್ಟು ಆಮೇಲೆ ಮೇಜಿಗೆ ತನ್ನಿ. ಹಣ್ಣಿನ ಬುಟ್ಟಿಯ ಪಕ್ಕ ಬೇಡ, ಹಣ್ಣು ಬಿಡುವ ಎಥಿಲೀನ್ ಹೂವನ್ನು ಬೇಗ ಮುದಿಯಾಗಿಸುತ್ತದೆ.

ಗುಲಾಬಿ ಕತ್ತು ಬಾಗಿಸಿದರೆ ದಂಟಿನ ನಾಳದಲ್ಲಿ ಗಾಳಿ ಸೇರಿ ನೀರು ಏರುತ್ತಿಲ್ಲ ಎಂದರ್ಥ. ದಂಟನ್ನು ನೀರಿನೊಳಗೇ ಹಿಡಿದು ಮತ್ತೆ ಕತ್ತರಿಸಿ, ಇಡೀ ಹೂವನ್ನು ಅಗಲವಾದ ಪಾತ್ರೆಯ ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧದಿಂದ ಒಂದು ಗಂಟೆ ಮಲಗಿಸಿದರೆ ಬಹುಪಾಲು ಚೇತರಿಸಿಕೊಳ್ಳುತ್ತವೆ. ಇಷ್ಟೆಲ್ಲ ಮಾಡುವ ವ್ಯವಧಾನ ಬಾಣಂತಿಗೆ ಇರುವುದಿಲ್ಲ, ಆಸ್ಪತ್ರೆಯ ಹಾಸಿಗೆಯಲ್ಲಿರುವವರಿಗೆ ಇರುವುದಿಲ್ಲ, ಸಾವಿನ ಮನೆಯಲ್ಲಂತೂ ಯಾರಿಗೂ ಇರುವುದಿಲ್ಲ. ಅಂಥ ಕಡೆಗೆ ಪೆಟ್ಟಿಗೆ ಕಳಿಸಲೇಬೇಡಿ. ಮಿನೆಸೋಟಾದ ಜನವರಿಯಲ್ಲಿ, ಟೆಕ್ಸಾಸ್‌ನ ಜುಲೈಯಲ್ಲಿ ಬಾಗಿಲ ಮುಂದೆ ಎರಡು ಗಂಟೆ ಬಿದ್ದಿದ್ದರೂ ಹೂವಿನ ಕಥೆ ಮುಗಿಯಿತು.

ಹಾಗಾದರೆ ಊರಿನ ಅಂಗಡಿಯನ್ನು ಹುಡುಕುವುದು ಹೇಗೆ? ಈ ದಾರಿಯ ಒಂದೇ ತೊಡಕು ಅದು. ಊರಿನ ಹೆಸರು ಹಾಕಿ ಹುಡುಕಿದರೆ ಮೊದಲು ಬರುವ ಜಾಹೀರಾತುಗಳಲ್ಲಿ ಆರ್ಡರ್ ಹಿಡಿಯುವ ದಲ್ಲಾಳಿಗಳೂ ಇರುತ್ತಾರೆ. ಸ್ಥಳೀಯ ಅಂಗಡಿಯ ವೇಷ, ಆ ಊರಿನದೇ ಫೋನ್ ಕೋಡ್, ಕರೆ ಹೋಗುವುದು ಮಾತ್ರ ಬೇರೆಲ್ಲೋ. ಇಂಥ ಸುಳ್ಳು ವಿಳಾಸದ ವಿರುದ್ಧ ಹಲವು ರಾಜ್ಯಗಳಲ್ಲಿ ಕಾನೂನೇ ಇದೆ. ಆದ್ದರಿಂದ ವಿಳಾಸವನ್ನು ನಕ್ಷೆಯಲ್ಲಿ ಹಾಕಿ, ಬೀದಿಯ ಚಿತ್ರದಲ್ಲಿ ಅಂಗಡಿಯ ಬೋರ್ಡ್ ಇದೆಯೇ ನೋಡಿ. ಫೋನಿನಲ್ಲಿ 'ಇವತ್ತು ಕೂಲರಿನಲ್ಲಿ (ಹೂ ಇಡುವ ತಂಪು ಕಪಾಟಿನಲ್ಲಿ) ಯಾವ ಹೂ ಚೆನ್ನಾಗಿದೆ?' ಅಂತ ಕೇಳಿ. ನಿಜವಾದ ಅಂಗಡಿಯವರು ತಡವರಿಸದೆ ಹೇಳುತ್ತಾರೆ, ದಲ್ಲಾಳಿ ವೆಬ್‌ಸೈಟಿನ ಮಾದರಿ ನಂಬರ್ ಕೇಳುತ್ತಾರೆ. ಆಮೇಲೆ ಹೇಳಬೇಕಾದದ್ದಿಷ್ಟು: ಡೆಲಿವರಿ, ತೆರಿಗೆ ಸೇರಿ ಒಟ್ಟು ಎಷ್ಟು, ಯಾವ ಬಣ್ಣ, ಏನು ಸಂದರ್ಭ, ಪಡೆಯುವವರ ಮೊಬೈಲ್, ಅಪಾರ್ಟ್‌ಮೆಂಟ್ ಗೇಟಿನ ಕೋಡ್. ಮನೆಯಲ್ಲಿ ಬೆಕ್ಕಿದ್ದರೆ ಲಿಲ್ಲಿ ಬೇಡವೆಂದು ಮರೆಯದೆ ಹೇಳಿ. ಅದರ ಪರಾಗ ನೆಕ್ಕಿದರೂ ಬೆಕ್ಕಿನ ಮೂತ್ರಪಿಂಡ ಕೆಟ್ಟು ಪ್ರಾಣಕ್ಕೆ ಬರುತ್ತದೆ. ಹೂವಿನ ಆಯ್ಕೆಯನ್ನು ಅವರಿಗೇ ಬಿಟ್ಟರೆ ಅವತ್ತು ತಾಜಾ ಇದ್ದದ್ದು ಬರುತ್ತದೆ.

ಕರ್ನಾಟಕದಿಂದ ಮಕ್ಕಳಿಗೆ ಹೂ ಕಳಿಸುವವರಿಗೆ ಗಡಿಯಾರದ ಲೆಕ್ಕ: ನ್ಯೂಜೆರ್ಸಿಯ ಬೆಳಿಗ್ಗೆ 10 ಗಂಟೆ ಅಂದರೆ ಅಲ್ಲಿನ ಬೇಸಿಗೆಯಲ್ಲಿ ನಮ್ಮ ಸಂಜೆ 7.30, ಅಲ್ಲಿನ ಚಳಿಗಾಲದಲ್ಲಿ 8.30. ಕ್ಯಾಲಿಫೋರ್ನಿಯಾಕ್ಕೆ ಇನ್ನೂ ಮೂರು ಗಂಟೆ ಸೇರಿಸಿ. ಭಾನುವಾರ ಬಹಳಷ್ಟು ಅಂಗಡಿ ಮುಚ್ಚಿರುತ್ತವೆ. ಕಾರ್ಡಿನಲ್ಲಿ ಅಂತರರಾಷ್ಟ್ರೀಯ ವ್ಯವಹಾರ ತೆರೆದಿದೆಯೇ ಎಂದು ಫೋನ್ ಮಾಡುವ ಮೊದಲೇ ನೋಡಿಕೊಳ್ಳಿ. ವರಮಹಾಲಕ್ಷ್ಮಿಗೆ ಮಲ್ಲಿಗೆ, ಕನಕಾಂಬರವನ್ನು ಇಂಥ ಅಂಗಡಿಗಳಲ್ಲಿ ಹುಡುಕಿ ಫಲವಿಲ್ಲ. ಮೂರು ನಾಲ್ಕು ದಿನ ಮುಂಚೆ ಹೇಳಿದರೆ ಬಟನ್ ಸೇವಂತಿಗೆಯನ್ನು ಕಟ್ಟಿನ ಲೆಕ್ಕದಲ್ಲಿ ತರಿಸಿಕೊಡುತ್ತಾರೆ, ಹೂ ಬಿಡಿಸಿ ಮಾಲೆ ಮಾಡಿಕೊಳ್ಳಬಹುದು.

ಬಜೆಟ್ 40 ಡಾಲರಿಗಿಂತ ಕಡಿಮೆಯಿದ್ದು, ಪಡೆಯುವವರಿಗೆ ಹೂ ಜೋಡಿಸುವ ಆಸೆಯಿದ್ದರೆ ಪೆಟ್ಟಿಗೆ ಕಳಿಸಿ. 60 ದಾಟಿದರೆ ಊರಿನ ಅಂಗಡಿ ಬಿಟ್ಟು ಬೇರೆ ಯೋಚನೆ ಬೇಡ. ನೀವು ಅಮೆರಿಕದಲ್ಲೇ ಇದ್ದು ಆ ಊರಿನಲ್ಲಿ ಯಾವ ಅಂಗಡಿಯೂ ಗೊತ್ತಾಗದಿದ್ದರೆ, ನಿಮ್ಮ ಬೀದಿಯ ಅಂಗಡಿಯವರ ಮೂಲಕವೇ ವೈರ್ ಆರ್ಡರ್ ಕಳಿಸಿ. ಕಮಿಷನ್ ಆಗಲೂ ಹೋಗುತ್ತದೆ, ಆದರೆ ಅಲೆದಾಡುವ ಆರ್ಡರಿನ ಬೆನ್ನು ಹತ್ತಲು ಒಬ್ಬರಿರುತ್ತಾರೆ. ಫೆಬ್ರವರಿ 14ರ ವಾರ ಮಾತ್ರ ಕೆಂಪು ಗುಲಾಬಿಯ ಹಟ ಬಿಡಿ. ಸಗಟು ಬೆಲೆಯೇ ಏರಿರುವಾಗ ಅದೇ ದುಡ್ಡಿಗೆ ಟ್ಯೂಲಿಪ್, ಆಲ್‌ಸ್ಟ್ರೋಮೀರಿಯಾ ತುಂಬಿಕೊಂಡು ಬರುತ್ತವೆ. 7ನೇ ತಾರೀಕಿನೊಳಗೆ ಹೇಳಿ, 12 ಅಥವಾ 13ಕ್ಕೆ ತಲುಪಿಸಿ ಅನ್ನಿ.